ಹುಳಿ ಶತ್ರುವಲ್ಲ: ಗಿಡದಲ್ಲೂ ದೇಹದಲ್ಲೂ ಆಮ್ಲದ ಕೆಲಸ

ಶಿವಾಜಿನಗರದ ನನ್ನ ದವಾಖಾನೆಗೆ ಬರುವವರಲ್ಲಿ ದಿನಕ್ಕೆ ನಾಲ್ಕೈದು ಮಂದಿಯಾದರೂ ಒಂದೇ ಮಾತಿನಿಂದ ಆರಂಭಿಸುತ್ತಾರೆ: "ಹಕೀಮ್ ಸಾಬ್, ಅಸಿಡಿಟಿ." ಜೊತೆಗೆ ತಾವೇ ಮಾಡಿಕೊಂಡ ಪಥ್ಯವನ್ನೂ ಹೇಳುತ್ತಾರೆ. ಹುಣಸೆ ಬಿಟ್ಟಾಯಿತು, ನಿಂಬೆ ಬಿಟ್ಟಾಯಿತು, ಮೊಸರನ್ನೂ ಬಿಟ್ಟಾಯಿತು. ದಿನಾ ಬೆಳಿಗ್ಗೆ ಒಂದು ಗ್ಯಾಸ್ ಮಾತ್ರೆಯೂ ನಡೆದಿದೆ. ಆದರೂ ಎದೆಯುರಿ ಹೋಗಿಲ್ಲ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಮೊಬೈಲಿನಲ್ಲಿ ನೋಡಿದ್ದನ್ನು ನಂಬಿ ಖಾಲಿ ಹೊಟ್ಟೆಗೆ ಸಿರ್ಕಾ ಕುಡಿಯುತ್ತಾರೆ. ಆಮ್ಲವೆಂದರೆ ಪೂರ್ತಿ ಕೆಟ್ಟದ್ದು ಎಂದು ಮೊದಲಿನವರು, ಪೂರ್ತಿ ಒಳ್ಳೆಯದು ಎಂದು ಎರಡನೆಯವರು ತಿಳಿದಿದ್ದಾರೆ. ನಿಜವೇನೆಂದರೆ, ಆಮ್ಲವಿಲ್ಲದೆ ಗಿಡವೂ ಬದುಕುವುದಿಲ್ಲ, ಮನುಷ್ಯನೂ ಬದುಕುವುದಿಲ್ಲ. ಅದು ತನ್ನ ಜಾಗ ಬಿಟ್ಟು ಬೇರೆಡೆ ಸೇರಿದಾಗ ಮಾತ್ರ ತೊಂದರೆ ಕೊಡುತ್ತದೆ.

ಹುಳಿಯ ಅಳತೆ

ಆಮ್ಲದ ತೀಕ್ಷ್ಣತೆಯನ್ನು ಅಳೆಯಲು ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ಸೆನ್ 1909ರಲ್ಲಿ ಪಿಎಚ್ ಎಂಬ ಅಳತೆಯನ್ನು ತಂದರು. ಸಾಮಾನ್ಯವಾಗಿ ಇದನ್ನು 0ರಿಂದ 14ರವರೆಗೆ ಎಣಿಸುತ್ತಾರೆ. ಶುದ್ಧ ನೀರು 7. ಅದಕ್ಕಿಂತ ಕೆಳಗೆ ಇಳಿದಷ್ಟೂ ಆಮ್ಲ, ಮೇಲೆ ಏರಿದಷ್ಟೂ ಕ್ಷಾರ. ಒಂದೊಂದು ಮೆಟ್ಟಿಲು ಇಳಿದರೂ ತೀಕ್ಷ್ಣತೆ ಹತ್ತು ಪಟ್ಟು ಹೆಚ್ಚುತ್ತದೆ. ಹಾಲು ಸುಮಾರು 6.6, ಮೊಸರು 4.5ರ ಆಸುಪಾಸು, ಸಿರ್ಕಾ 2.5ರಿಂದ 3, ನಿಂಬೆರಸ 2ರಿಂದ 2.5. ನಮ್ಮ ಜಠರದ ರಸ ಇವೆಲ್ಲಕ್ಕಿಂತ ತೀಕ್ಷ್ಣ. ಖಾಲಿ ಹೊಟ್ಟೆಯಲ್ಲಿ ಅದು 1.5ರ ಹತ್ತಿರ ಇರುತ್ತದೆ. ಆದ್ದರಿಂದ ದಾಲ್ಚಾಕ್ಕೆ ಹಾಕಿದ ಒಂದಿಷ್ಟು ಹುಣಸೆಯಿಂದ ಹೊಟ್ಟೆಯೊಳಗೆ ಆಮ್ಲ ಉಕ್ಕುತ್ತದೆ ಎಂಬ ಭಯ ಬೇಡ.

ಗಿಡಕ್ಕೆ ಹುಳಿ ಯಾಕೆ ಬೇಕು?

ಗಿಡಗಳಲ್ಲಿ ಆಮ್ಲ ಏನು ಮಾಡುತ್ತದೆ ಎಂಬ ತಿಳುವಳಿಕೆಗೆ ಬೆಂಗಳೂರಿನೊಂದಿಗೂ ಒಂದು ನಂಟಿದೆ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್, 1799ರಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮರಾದ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಆ ಕಾಲದಲ್ಲಿ ತೋಟದ ಉಸ್ತುವಾರಿ ವಹಿಸಿದ್ದವರು ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞ. ನಾವು ಕಾಡುಬಸಳೆ ಎಂದೂ, ಉರ್ದುವಿನಲ್ಲಿ ಪತ್ಥರ್‌ಚಟ್ಟಾ ಎಂದೂ ಕರೆಯುವ ಗಿಡದ ಎಲೆಯನ್ನು ಅವರು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದರು. ಬೆಳಿಗ್ಗೆ ಅದು ತುಂಬ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಈ ವಿಷಯವನ್ನು ಅವರು 1813ರ ಒಂದು ಪತ್ರದಲ್ಲಿ ಬರೆದರು. ಲಂಡನ್ನಿನ ಲಿನ್ನಿಯನ್ ಸೊಸೈಟಿ ಅದನ್ನು ಪ್ರಕಟಿಸಿತು.

ಇದರ ಕಾರಣ ನಂತರದ ವಿಜ್ಞಾನಿಗಳಿಗೆ ತಿಳಿಯಿತು. ಇಂಥ ದಪ್ಪ ಎಲೆಯ ಗಿಡಗಳು ನೀರು ಉಳಿಸಲು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ರಾತ್ರಿ ತೆರೆದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬಿಸಿಲು ಬಂದ ಮೇಲೆ ಆ ದಾಸ್ತಾನನ್ನು ತೆಗೆದು ಸಕ್ಕರೆ ಮಾಡಿಕೊಳ್ಳುತ್ತವೆ. ಅನಾನಸ್, ಕತ್ತಾಳೆ, ಪಾಪಾಸುಕಳ್ಳಿ ಮಾಡುವುದೂ ಇದನ್ನೇ.

ಬೇರೆ ಗಿಡಗಳಿಗೆ ಹುಳಿಯಿಂದ ಬೇರೆ ಉಪಯೋಗಗಳಿವೆ. ಬೀಜ ಬಲಿಯುವ ಮೊದಲೇ ಹಕ್ಕಿ, ಮಂಗಗಳು ತಿಂದುಬಿಡದಂತೆ ಕಾಯಿಯನ್ನು ಹುಳಿ ಕಾಯುತ್ತದೆ. ಮಾವು ಹಣ್ಣಾಗುವಾಗ ಆಮ್ಲ ಇಳಿದು ಸಿಹಿ ಏರುತ್ತದೆ. ಬೇರುಗಳು ಮಣ್ಣಿಗೆ ಸಿಟ್ರಿಕ್, ಮ್ಯಾಲಿಕ್ ಆಮ್ಲಗಳನ್ನು ಒಸರಿ, ಕೆಮ್ಮಣ್ಣಿನಲ್ಲಿ ಅಂಟಿಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತವೆ. ಕಡಲೆ ಗಿಡದ ಎಲೆಯ ಮೇಲೂ ಹುಳಿ ಒಸರುತ್ತದೆ. ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿಯ ಜೊತೆ ಆ ಹುಳಿಯನ್ನು ಹಿಂಡಿ ಅಜೀರ್ಣಕ್ಕೆ ಮದ್ದಾಗಿ ಇಟ್ಟುಕೊಳ್ಳುವ ಪದ್ಧತಿ ನಮ್ಮ ದೇಶದಲ್ಲಿ ಹಳೆಯದು.

ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ ನಮಗೆ ಹೊರಗಿನದೇನೂ ಅಲ್ಲ. ತಿಂದ ಆಹಾರವನ್ನು ಶಕ್ತಿಯಾಗಿ ಬದಲಿಸುವಾಗ ನಮ್ಮ ಜೀವಕೋಶಗಳಲ್ಲೂ ಅದು ಕ್ಷಣಕ್ಷಣಕ್ಕೂ ಹುಟ್ಟಿ ಕರಗುತ್ತಿರುತ್ತದೆ. ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದ ಈ ಕ್ರಿಯೆಗೆ ಸಿಟ್ರಿಕ್ ಆಮ್ಲ ಚಕ್ರ ಎಂದೇ ಹೆಸರು.

ನಮ್ಮ ಅಡುಗೆಮನೆಯ ಹುಳಿ

ಹುಣಸೆಯಲ್ಲಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ, ಸಿರ್ಕಾದಲ್ಲಿ ಅಸಿಟಿಕ್ ಆಮ್ಲ ಇರುತ್ತದೆ. ನೆಲ್ಲಿಕಾಯಿ, ನಿಂಬೆ, ಸೀಬೆಯಲ್ಲಿರುವ ವಿಟಮಿನ್ ಸಿ ಕೂಡ ಒಂದು ಆಮ್ಲವೇ. ಅರಬರು ಹುಣಸೆಯನ್ನು ತಮರ್ ಹಿಂದಿ, ಅಂದರೆ ಹಿಂದೂಸ್ಥಾನದ ಖರ್ಜೂರ ಎಂದು ಕರೆದರು. ಯುನಾನಿ ವೈದ್ಯರು ಅದನ್ನು ಶೀತ ಗುಣದ್ದೆಂದು ಎಣಿಸಿ, ಪಿತ್ತದ ಬಿಸಿ ಹೆಚ್ಚಿದವರಿಗೆ ಕೊಡುತ್ತ ಬಂದಿದ್ದಾರೆ.

ರಕ್ತಹೀನತೆ ಇರುವ ನಮ್ಮ ಹೆಣ್ಣುಮಕ್ಕಳಿಗೆ ಹುಳಿ ತುಂಬ ಉಪಕಾರಿ. ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ಊಟದ ಜೊತೆ ಅರ್ಧ ನಿಂಬೆ ಹಿಂಡಿಕೊಂಡರೆ ಹೆಚ್ಚು ಸೇರುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಚಹಾಕ್ಕೂ ಊಟಕ್ಕೂ ಒಂದು ಗಂಟೆ ಅಂತರವಿರಲಿ.

ಎರಡು ಎಚ್ಚರಿಕೆಗಳಿವೆ. ಪಾಲಕ್, ಚುಕ್ಕೆ ಸೊಪ್ಪಿನಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟಿನವು. ಒಮ್ಮೆ ಕಲ್ಲಾದವರು ಈ ಸೊಪ್ಪುಗಳನ್ನು ಕಡಿಮೆ ಮಾಡಿ, ತಿಂದಾಗ ಬೇಯಿಸಿದ ನೀರು ಚೆಲ್ಲಿ, ಜೊತೆಗೆ ಮೊಸರು ತಿನ್ನಬೇಕು. ಮೊಸರಿನ ಕ್ಯಾಲ್ಸಿಯಂ ಆಕ್ಸಾಲಿಕ್ ಆಮ್ಲವನ್ನು ಕರುಳಿನಲ್ಲೇ ಹಿಡಿದು ಹೊರಗೆ ಸಾಗಿಸುತ್ತದೆ. ನಿಂಬೆ ಶರಬತ್ತಿನ ಸಿಟ್ರೇಟ್ ಕಲ್ಲು ಕಟ್ಟದಂತೆ ತಡೆಯುತ್ತದೆ. ಸಕ್ಕರೆ ಮಾತ್ರ ಕಡಿಮೆಯಿರಲಿ.

ಎರಡನೆಯದು ಪಾತ್ರೆ. ಹುಣಸೆ ಹಚ್ಚಿ ಉಜ್ಜಿದರೆ ತಾಮ್ರ ಹೊಳೆಯುತ್ತದೆ, ಯಾಕೆಂದರೆ ಆಮ್ಲವು ತಾಮ್ರದ ಮೇಲ್ಪದರವನ್ನು ಕರಗಿಸುತ್ತದೆ. ಕಲಾಯಿ ಹೋದ ದೇಗ್‌ನಲ್ಲಿ ಖಟ್ಟಾ ಬೈಂಗನ್ ಮಾಡಿದರೆ ಆ ತಾಮ್ರ ಅಡುಗೆಗೆ ಇಳಿದು ವಾಂತಿ, ಹೊಟ್ಟೆನೋವು ತರಬಹುದು. ವಲೀಮಾಕ್ಕೆ ಬಾಡಿಗೆ ದೇಗ್ ತರುವವರು ಕಲಾಯಿ ಸರಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಜಠರದ ಆಮ್ಲ

ನಮ್ಮ ಜಠರ ದಿನಕ್ಕೆ 1.5ರಿಂದ 2 ಲೀಟರ್ ರಸ ಸುರಿಸುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು 1824ರಲ್ಲಿ ತೋರಿಸಿದವರು ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್. ಈ ಆಮ್ಲ ಮಾಂಸ, ಬೇಳೆಗಳ ಪ್ರೋಟೀನನ್ನು ಜೀರ್ಣಕ್ಕೆ ಸಿದ್ಧಗೊಳಿಸುತ್ತದೆ. ನೀರು, ಆಹಾರದ ಜೊತೆ ಬಂದ ಬಹುಪಾಲು ರೋಗಾಣುಗಳನ್ನು ಕೊಲ್ಲುತ್ತದೆ. ಕಬ್ಬಿಣ ಮತ್ತು ವಿಟಮಿನ್ ಬಿ12 ದೇಹಕ್ಕೆ ಸೇರಲು ನೆರವಾಗುತ್ತದೆ. ಜಠರದ ಗೋಡೆಗೆ ಲೋಳೆಯ ಲೇಪವಿರುವುದರಿಂದ ಅದು ಸುಡುವುದಿಲ್ಲ.

ಅನ್ನನಾಳಕ್ಕೆ ಆ ರಕ್ಷಣೆ ಇಲ್ಲ. ಎರಡರ ನಡುವಿನ ಬಾಗಿಲು ಸಡಿಲವಾಗಿ ಆಮ್ಲ ಮೇಲಕ್ಕೆ ಬಂದಾಗ ಉಂಟಾಗುವುದೇ ಎದೆಯುರಿ, ಹುಳಿತೇಗು. ಹೆಚ್ಚಿನವರಲ್ಲಿ ಆಮ್ಲ ಅತಿಯಾಗಿರುವುದಿಲ್ಲ, ಅದು ಜಾಗ ತಪ್ಪಿ ಬಂದಿರುತ್ತದೆ. ಅತಿಯಾಗಿ ತುಂಬಿದ ಹೊಟ್ಟೆ, ಕರಿದ ತಿಂಡಿ, ಬೊಜ್ಜು, ಬೀಡಿ ಸಿಗರೇಟು, ಉಂಡ ಕೂಡಲೇ ಮಲಗುವುದು, ಇವು ಆ ಬಾಗಿಲನ್ನು ಸಡಿಲಿಸುತ್ತವೆ. ರಮಝಾನಿನಲ್ಲಿ ಇದು ಹೆಚ್ಚು. ಇಫ್ತಾರಿಗೆ ಸಮೋಸ, ತರಾವೀಹ್ ಮುಗಿಸಿ ಫ್ರೇಜರ್ ಟೌನಿನಲ್ಲಿ ಕಬಾಬ್, ಸೆಹ್ರಿ ಉಂಡ ಕೂಡಲೇ ನಿದ್ದೆ. ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಬಿಡಿ. ಸೆಹ್ರಿಯನ್ನು ಹಗುರವಾಗಿಡಿ. ಮಂಚದ ತಲೆಯ ಕಡೆ ಅರ್ಧ ಅಡಿ ಎತ್ತರಿಸಿ, ಎಡ ಮಗ್ಗುಲಿಗೆ ಮಲಗಿ. ಅನ್ನನಾಳ ಈಗಾಗಲೇ ಹುಣ್ಣಾಗಿದ್ದರೆ ಅದು ಮಾಯುವ ತನಕ ಹುಳಿ, ಖಾರ ಕಡಿಮೆ ಮಾಡಿ.

ಎದೆಯುರಿಯೋ, ಹೃದಯವೋ?

ಇದನ್ನು ಮನೆಯವರೆಲ್ಲ ತಿಳಿದಿರಬೇಕು. ಹೃದಯಾಘಾತವೂ ಎಷ್ಟೋ ಸಲ ಎದೆ ಉರಿಯಂತೆ, ಗ್ಯಾಸಿನಂತೆ ಬರುತ್ತದೆ. ಸೋಡಾ ಕುಡಿದು ಬೆಳಗಿನ ತನಕ ಕಾದವರು ಜೀವ ಕಳೆದುಕೊಂಡದ್ದುಂಟು. ಉರಿಯ ಜೊತೆ ಬೆವರು, ಏದುಸಿರು, ಎದೆ ಹಿಂಡಿದಂತಾಗುವುದು, ತೋಳು ಅಥವಾ ದವಡೆಗೆ ಹರಡುವ ನೋವು ಇದ್ದರೆ, ನಡೆದಾಗ ಹೆಚ್ಚಿ ಕುಳಿತಾಗ ಇಳಿದರೆ, ತಡಮಾಡದೆ 108ಕ್ಕೆ ಕರೆ ಮಾಡಿ, ಇಸಿಜಿ ಮಾಡಿಸಿ. ಸಕ್ಕರೆ ಕಾಯಿಲೆಯವರಲ್ಲಿ ಮತ್ತು ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಬರಬಹುದು. ಇಂಥ ಹೊತ್ತಿನಲ್ಲಿ ಯುನಾನಿ, ಅಲೋಪಥಿ ಎಂದು ಯೋಚಿಸುತ್ತ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಮಾತ್ರೆ ಮತ್ತು ಪುಡಿ

ಆಮ್ಲ ತಗ್ಗಿಸುವ ಪ್ಯಾಂಟಪ್ರಜೋಲ್, ಒಮೆಪ್ರಜೋಲ್ ಒಳ್ಳೆಯ ಔಷಧಗಳೇ. ಹುಣ್ಣು ಮಾಗಲು ಅವು ಬೇಕು. ಆದರೆ ವೈದ್ಯರು ಕೆಲವು ವಾರಕ್ಕೆಂದು ಬರೆದದ್ದನ್ನು ವರ್ಷಗಟ್ಟಲೆ ನುಂಗಿದರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು, ಕರುಳಿನ ಸೋಂಕು ಹೆಚ್ಚಬಹುದು. ಹಾಗೆಂದು ತಾವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವ ಕೆಲವರಿಗೆ ಅದು ರಕ್ಷಣೆಗಾಗಿಯೇ ಕೊಟ್ಟದ್ದಾಗಿರುತ್ತದೆ. ನೀರಿನಲ್ಲಿ ಬುಸುಗುಟ್ಟುವ ಪುಡಿಗಳಲ್ಲಿ ಸೋಡಿಯಂ ಹೆಚ್ಚು, ಬಿಪಿ ಇರುವವರಿಗೆ ಅದು ನಿತ್ಯದ ಮದ್ದಲ್ಲ. ನಮ್ಮ ಮುಲೇಠಿ ಕೂಡ ಹೆಚ್ಚು ದಿನ ತಿಂದರೆ ಬಿಪಿ ಏರಿಸುತ್ತದೆ.

ಜಠರದ ಹುಣ್ಣಿಗೆ ಮುಖ್ಯ ಕಾರಣಗಳು ಎರಡು: ನೋವಿನ ಮಾತ್ರೆಗಳು ಮತ್ತು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು. ಈ ರೋಗಾಣುವನ್ನು ಕಂಡುಹಿಡಿದ ವಾರನ್ ಮತ್ತು ಮಾರ್ಷಲ್‌ಗೆ 2005ರ ನೊಬೆಲ್ ಪ್ರಶಸ್ತಿ ಬಂತು. ಪರೀಕ್ಷೆ ಮಾಡಿಸಿ ಚಿಕಿತ್ಸೆ ಪಡೆದರೆ ಅದು ಗುಣವಾಗುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಮನೆಮದ್ದಿಗೆ ಸಮಯವಿಲ್ಲ.

ಸಿರ್ಕಾ ಹೇಗೆ ಬಳಸಬೇಕು?

ಪ್ರವಾದಿ ಮುಹಮ್ಮದ್(ಸ) ಸಿರ್ಕಾವನ್ನು ರೊಟ್ಟಿಯ ಜೊತೆಗಿನ ಒಳ್ಳೆಯ ವ್ಯಂಜನವೆಂದು ಮೆಚ್ಚಿದ್ದು ಹದೀಸ್‌ನಲ್ಲಿದೆ. ಯುನಾನಿಯ ಸಿಕಂಜಬೀನ್ ಕೂಡ ಸಿರ್ಕಾ ಮತ್ತು ಜೇನು ಅಥವಾ ಸಕ್ಕರೆಯ ಪಾಕ, ಅದನ್ನು ನೀರಿನಲ್ಲಿ ಬೆರೆಸಿಯೇ ಕುಡಿಸುತ್ತೇವೆ. ಎರಡರಲ್ಲೂ ಸಿರ್ಕಾ ಇನ್ನೊಂದರ ಜೊತೆ ಸೇರಿ ಹೊಟ್ಟೆಗೆ ಹೋಗುತ್ತದೆ. ನೀರು ಬೆರೆಸದ ಸಿರ್ಕಾ ಗಂಟಲನ್ನು ಸುಡುತ್ತದೆ. ಹಲ್ಲಿನ ಹೊರಪದರ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಕರಗತೊಡಗುತ್ತದೆ. ಹುಳಿ ಕುಡಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯ ನಂತರ ಹಲ್ಲುಜ್ಜಿ. ಕೂಡಲೇ ಉಜ್ಜಿದರೆ ಮೆತ್ತಗಾದ ಪದರ ಸವೆಯುತ್ತದೆ.

ರಕ್ತ ಹುಳಿಯಾಗುವುದೇ?

ರಕ್ತದ ಪಿಎಚ್ 7.35ರಿಂದ 7.45ರ ನಡುವೆಯೇ ಇರುತ್ತದೆ. ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಹಗಲಿರುಳೂ ಅದನ್ನು ಕಾಯುತ್ತವೆ. ನಿಂಬೆಯಿಂದಾಗಲಿ, ದುಬಾರಿ ಕ್ಷಾರೀಯ ನೀರಿನಿಂದಾಗಲಿ ಅದು ಬದಲಾಗುವುದಿಲ್ಲ. ಆದರೆ ಇನ್ಸುಲಿನ್ ಮೇಲೆ ಇರುವವರು ಅದನ್ನು ಬಿಟ್ಟರೆ ಕೀಟೋ ಆಮ್ಲಗಳು ತುಂಬಿ ರಕ್ತ ನಿಜಕ್ಕೂ ಆಮ್ಲೀಯವಾಗುತ್ತದೆ. ವಾಂತಿ, ಹೊಟ್ಟೆನೋವು, ಜೋರಾದ ಉಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಕಂಡರೆ ಅದು ಪ್ರಾಣಾಪಾಯ. ಇಂಥವರು ರೋಜಾ ಹಿಡಿಯುವ ಮೊದಲೇ ವೈದ್ಯರೊಂದಿಗೆ ಮಾತಾಡಬೇಕು, ಇನ್ಸುಲಿನನ್ನು ತಾವಾಗಿ ನಿಲ್ಲಿಸಬಾರದು. ಹೆಬ್ಬೆರಳು ಊದಿಸುವ ಯೂರಿಕ್ ಆಮ್ಲಕ್ಕೂ ಹುಣಸೆ ಕಾರಣವಲ್ಲ. ಆ ತೊಂದರೆ ಇರುವವರು ಬಕ್ರೀದಿನಲ್ಲಿ ಕಲೇಜಿ, ಗುರ್ದಾ ಬಿಡಬೇಕು.

ಶೌಚಾಲಯದ ಆಸಿಡ್

ಬಚ್ಚಲು, ಶೌಚಾಲಯ ತೊಳೆಯುವ ಆಸಿಡ್ ಕೂಡ ಹೈಡ್ರೋಕ್ಲೋರಿಕ್ ಆಮ್ಲವೇ. ಹೊಟ್ಟೆಯಲ್ಲಿರುವುದೂ ಅದೇ ಆದರೂ ಇದು ಎಷ್ಟೋ ಪಟ್ಟು ಗಟ್ಟಿ. ಸುಪ್ರೀಂ ಕೋರ್ಟಿನ 2013ರ ಆದೇಶದಂತೆ ಅಂಗಡಿಯವರು ಖರೀದಿದಾರರ ಗುರುತಿನ ಚೀಟಿ ನೋಡಿ ದಾಖಲೆ ಇಡಬೇಕು, 18 ತುಂಬದವರಿಗೆ ಆಸಿಡ್ ಮಾರಬಾರದು. ಮನೆಗೆ ತಂದ ಮೇಲಿನ ಹೊಣೆ ನಮ್ಮದು.

• ಆಸಿಡನ್ನು ಎಂದೂ ಜ್ಯೂಸ್, ನೀರಿನ ಬಾಟಲಿಗೆ ಸುರಿದಿಡಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.
• ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.
• ಮೈಮೇಲೆ ಬಿದ್ದರೆ ಬಟ್ಟೆ ತೆಗೆದು, ಕನಿಷ್ಠ 20 ನಿಮಿಷ ಹರಿಯುವ ನೀರು ಹಾಕಿ. ಅರಿಶಿನ, ಪೇಸ್ಟ್, ಸೋಡಾ ಹಚ್ಚಬೇಡಿ.
• ಮಗು ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಅಡುಗೆ ಸೋಡಾ ಕುಡಿಸಬೇಡಿ. ಬಾಯಿ ತೊಳೆಸಿ, ಬಾಟಲಿಯ ಸಮೇತ ಕೂಡಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಕಂಟೋನ್ಮೆಂಟ್ ಕಡೆಯವರಿಗೆ ಬೌರಿಂಗ್ ಆಸ್ಪತ್ರೆ ಹತ್ತಿರವಿದೆ.