ಹೆಪ್ಪು ಒಂದಲ್ಲ, ಮದ್ದೂ ಒಂದಲ್ಲ

ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಿಂದ ಹೊಸೂರು ರಸ್ತೆ ಹಿಡಿದು ಹೊರಟರೆ ಮೊದಲು ನಿಮ್ಹಾನ್ಸ್ ಸಿಗುತ್ತದೆ. ಮುಂದೆ ಡೇರಿ ಸರ್ಕಲ್‌ನಲ್ಲಿ ಬನ್ನೇರುಘಟ್ಟ ರಸ್ತೆಗೆ ತಿರುಗಿದರೆ ಜಯದೇವ ಹೃದ್ರೋಗ ಆಸ್ಪತ್ರೆ. ಒಂದು ಕಡೆಗೆ ಲಕ್ವ ಹೊಡೆದವರು ಬರುತ್ತಾರೆ, ಇನ್ನೊಂದು ಕಡೆಗೆ ಎದೆನೋವಿನವರು. ಇಬ್ಬರಲ್ಲೂ ಬಹಳ ಸಲ ಅಪರಾಧಿ ಒಂದೇ: ರಕ್ತನಾಳದೊಳಗೆ ಕಟ್ಟಿದ ಹೆಪ್ಪು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಮತ್ತೆ 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ, ತಪಾಸಣೆಗೆಂದು ಆಸ್ಪತ್ರೆಗಳಿಗೆ ಜನ ಮುಗಿಬಿದ್ದರು. ಆ ಭಯ ಅರ್ಥವಾಗುವಂಥದೇ. ಆದರೆ ಅದರ ಬೆನ್ನಿಗೇ ಬರುವ ಇನ್ನೊಂದು ಯೋಚನೆ ಸರಿಯಲ್ಲ: ರಕ್ತ ತೆಳು ಮಾಡುವ ಮಾತ್ರೆಯೊಂದನ್ನು ದಿನಾ ನುಂಗಿಬಿಟ್ಟರೆ ನಿಶ್ಚಿಂತೆ ಎಂಬುದು. ಈ ಮದ್ದುಗಳು ಯಾವುವೂ ರಕ್ತವನ್ನು ನೀರು ಮಾಡುವುದಿಲ್ಲ. ಹೆಪ್ಪುಗಟ್ಟುವ ಸರಣಿಯಲ್ಲಿ ಒಂದೊಂದು ಮದ್ದು ಒಂದೊಂದು ಕೊಂಡಿಯನ್ನು ಕತ್ತರಿಸುತ್ತದೆ. ಯಾವ ಹೆಪ್ಪು, ಎಲ್ಲಿ, ಯಾವಾಗ ಎಂದು ತಿಳಿಯದೆ ನುಂಗಿದ ಮಾತ್ರೆ ಕೆಲವೊಮ್ಮೆ ನಿಷ್ಪ್ರಯೋಜಕ, ಕೆಲವೊಮ್ಮೆ ಅಪಾಯ.

ರಕ್ತ ರಭಸದಿಂದ ಹರಿಯುವ ಅಪಧಮನಿಯಲ್ಲಿ ಕೊಬ್ಬಿನ ಗಡ್ಡೆಯೊಂದು ಬಿರಿದರೆ ಅಲ್ಲಿಗೆ ಮೊದಲು ಓಡಿಬಂದು ಅಂಟಿಕೊಳ್ಳುವುದು ಪ್ಲೇಟ್‌ಲೆಟ್‌ಗಳು. ಒಂದನ್ನೊಂದು ಕರೆಯಲು ಅವು ಹೊರಸೂಸುವ ರಾಸಾಯನಿಕವನ್ನು ತಯಾರಿಸುವ ಕಿಣ್ವವನ್ನು ಆಸ್ಪಿರಿನ್ ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ. ಕೆಟ್ಟ ಕಿಣ್ವದ ಬದಲು ಹೊಸದನ್ನು ತಯಾರಿಸಿಕೊಳ್ಳಲಾರದು. ಹಾಗಾಗಿ ಏಳರಿಂದ ಹತ್ತು ದಿನದ ತನ್ನ ಆಯುಸ್ಸು ಮುಗಿಯುವ ತನಕ ಅದು ಮೂಕ. ದಿನಕ್ಕೆ 75 ಮಿಲಿಗ್ರಾಂ ಸಾಕಾಗುವ ಗುಟ್ಟು ಇದು. ಕ್ಲೋಪಿಡೊಗ್ರೆಲ್ ಅದೇ ಪ್ಲೇಟ್‌ಲೆಟ್‌ನ ಬೇರೊಂದು ಬಾಗಿಲು ಮುಚ್ಚುತ್ತದೆ. ಸ್ಟೆಂಟ್ ಹಾಕಿದ ಮೇಲೆ ಕೆಲಕಾಲ ಎರಡನ್ನೂ ಕೊಡುವುದು ಅದಕ್ಕೇ. ಕಾಲಿನ ಅಭಿಧಮನಿಯಲ್ಲೋ, ಲಯ ತಪ್ಪಿದ ಹೃದಯದ ಮೇಲ್ಕೋಣೆಯಲ್ಲೋ ರಕ್ತ ಮಡುಗಟ್ಟಿದಾಗ ಕಥೆ ಬೇರೆ. ಅಲ್ಲಿ ಹೆಪ್ಪಿನ ಮುಖ್ಯ ಸರಕು ಫೈಬ್ರಿನ್ ಎಂಬ ನಾರಿನ ಬಲೆ. ಅದನ್ನು ಹೆಣೆಯುವ ಕೆಲವು ಅಂಶಗಳನ್ನು ಯಕೃತ್ತು ತಯಾರಿಸುವುದು ವಿಟಮಿನ್ ಕೆ ನೆರವಿನಿಂದ. ವಾರ್ಫರಿನ್ ಮತ್ತು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಸಿಟ್ರಾಂ ಈ ವಿಟಮಿನ್ನಿನ ಮರುಬಳಕೆಗೆ ಅಡ್ಡಗಾಲು ಹಾಕುತ್ತವೆ. ಆಗಲೇ ರಕ್ತದಲ್ಲಿರುವ ಅಂಶಗಳು ಖರ್ಚಾಗಬೇಕಾದ್ದರಿಂದ ಪರಿಣಾಮ ಕಾಣಲು ಕೆಲವು ದಿನ ಬೇಕು. ತುರ್ತಿದ್ದಾಗ ತಕ್ಷಣ ಕೆಲಸ ಮಾಡುವ ಹೆಪಾರಿನ್ ಇಂಜೆಕ್ಷನ್ನಿನಿಂದ ಆರಂಭಿಸುತ್ತಾರೆ. ಇವುಗಳಲ್ಲಿ ಯಾವುದೂ ಕಟ್ಟಿದ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತವೆ ಅಷ್ಟೆ. ಕರಗಿಸುವುದು ಸ್ಟ್ರೆಪ್ಟೊಕೈನೇಸ್, ಟೆನೆಕ್ಟೆಪ್ಲೇಸ್‌ನಂಥ ಇಂಜೆಕ್ಷನ್‌ಗಳ ಕೆಲಸ. ಫೈಬ್ರಿನ್ ಕತ್ತರಿಸುವ ದೇಹದ್ದೇ ಕಿಣ್ವವನ್ನು ಅವು ಎಬ್ಬಿಸುತ್ತವೆ.

ಹಾಗಾದರೆ ಹೃದಯಾಘಾತವಾದಾಗ ಆಸ್ಪಿರಿನ್ ಅಗಿಯಿರಿ ಎನ್ನುವುದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. 1988ರ ಐಸಿಸ್-2 ಅಧ್ಯಯನದಲ್ಲಿ 17 ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳಿದ್ದರು. ಆಸ್ಪಿರಿನ್ ಒಂದೇ ಹೃದಯ-ರಕ್ತನಾಳದ ಸಾವುಗಳನ್ನು ಸುಮಾರು ಶೇ. 23ರಷ್ಟು ತಗ್ಗಿಸಿತು. ಸ್ಟ್ರೆಪ್ಟೊಕೈನೇಸ್ ಜತೆಗೂಡಿದಾಗ ಇಳಿಕೆ ಶೇ. 42. ಎರಡು ಬೇರೆ ಕೊಂಡಿ ಕತ್ತರಿಸಿದ್ದಕ್ಕೆ ಲಾಭವೂ ಕೂಡಿತು. ಆದರೆ ಅವರೆಲ್ಲ ಆಗಲೇ ಹೃದಯಾಘಾತಕ್ಕೆ ಒಳಗಾದವರು. ಹೃದ್ರೋಗವಿಲ್ಲದ ಹಿರಿಯರಿಗೆ ದಿನಾ ಆಸ್ಪಿರಿನ್ ಕೊಟ್ಟು ನೋಡಿದ ಆಸ್ಪ್ರೀ ಅಧ್ಯಯನ 2018ರಲ್ಲಿ ಹೊರಬಂತು. 19 ಸಾವಿರ ಜನರ ಆ ಲೆಕ್ಕದಲ್ಲಿ ಆರೋಗ್ಯವಂತ ಆಯುಸ್ಸು ಹೆಚ್ಚಲಿಲ್ಲ, ಹೆಚ್ಚಿದ್ದು ರಕ್ತಸ್ರಾವ. ಅಗ್ಗದ ಮಾತ್ರೆ ತಾನೇ ಎನ್ನುವವರು ಹೊಟ್ಟೆಯೊಳಗೆ, ಮಿದುಳಿನೊಳಗೆ ಸೋರುವ ರಕ್ತದ ಬೆಲೆಯನ್ನೂ ಸೇರಿಸಿಕೊಳ್ಳಬೇಕು. ಹಾಗೆಂದು ಸ್ಟೆಂಟ್ ಇರುವವರು ಇದನ್ನೋದಿ ಮಾತ್ರೆ ಬಿಟ್ಟರೆ ಅದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ.

ಇನ್ನೊಂದು ಪ್ರಶ್ನೆ: ಅಪಿಕ್ಸಬಾನ್, ರಿವರೊಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಪದೇ ಪದೇ ರಕ್ತಪರೀಕ್ಷೆ ಬೇಡ, ಪಥ್ಯವೂ ಇಲ್ಲ, ಹಳೆಯ ಅಸಿಟ್ರಾಂ ಯಾಕೆ ಬೇಕು? ಅನೇಕರಿಗೆ ಹೊಸದೇ ಉತ್ತಮ. ಆದರೆ ಲೋಹದ ವಾಲ್ವ್ ಹಾಕಿಸಿಕೊಂಡವರಲ್ಲಿ ಇದೇ ಹೊಸ ಸಾಲಿನ ಡಾಬಿಗಟ್ರಾನ್ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ರುಮ್ಯಾಟಿಕ್ ಹೃದ್ರೋಗದ ಜತೆಗೆ ಹೃದಯದ ಲಯವೂ ತಪ್ಪಿದವರಲ್ಲಿ ಹಳೆಯ ಮದ್ದೇ ಮೇಲು ಎಂದು 2022ರ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ನಮ್ಮಲ್ಲಿ ಇಂಥ ರೋಗಿಗಳು ಕಡಿಮೆಯೇನಿಲ್ಲ. ಅವರಿಗೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಐಎನ್‌ಆರ್ ಪರೀಕ್ಷೆ ಚಿಕಿತ್ಸೆಯ ಅರ್ಧಭಾಗ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಮುಟ್ಟಲೇಬೇಡಿ ಎಂದು ಹೆದರಿಸುವುದು ಮಾತ್ರ ಅನ್ಯಾಯ. ವಾರಕ್ಕೆರಡು ಸಲ ಬಸ್ಸಾರು, ಮಸ್ಸೊಪ್ಪು ತಿನ್ನುವವರು ಹಾಗೆಯೇ ತಿನ್ನುತ್ತಿರಲಿ. ಡಾಕ್ಟರು ಅದಕ್ಕೆ ತಕ್ಕಂತೆ ಡೋಸು ಹೊಂದಿಸುತ್ತಾರೆ. ತೊಂದರೆ ಬರುವುದು ಒಂದು ತಿಂಗಳು ಬಿಟ್ಟು, ಮತ್ತೊಂದು ತಿಂಗಳು ದಿನಾ ತಿಂದಾಗ. ಕೇಳದೆ ನೋವಿನ ಮಾತ್ರೆ, ಆಂಟಿಬಯಾಟಿಕ್ ಸೇರಿಸಿಕೊಂಡಾಗಲೂ ಅಷ್ಟೇ.

ಮದ್ದಿಗಿಂತ ಗಡಿಯಾರ ಮುಖ್ಯವಾಗುವ ಗಳಿಗೆಯೂ ಉಂಟು. ಪುನೀತ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ಹೃದಯ ಜ್ಯೋತಿ ಯೋಜನೆಯ ತರ್ಕ ಅದು: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ಕೇಂದ್ರದ ತಜ್ಞರ ಸಲಹೆ ಪಡೆದು, ದುಬಾರಿ ಟೆನೆಕ್ಟೆಪ್ಲೇಸನ್ನು ಉಚಿತವಾಗಿ ಅಲ್ಲೇ ಕೊಡುವುದು. ನಗರದವರಿಗೆ ಆಂಜಿಯೋಪ್ಲಾಸ್ಟಿ ಹತ್ತಿರದಲ್ಲಿದೆ. ಆದರೂ ಗ್ಯಾಸ್ಟ್ರಿಕ್ ಇರಬೇಕು ಎಂದು ಬೆಳಗಿನ ತನಕ ಕಾಯುವವರಿಗೆ ಆ ಹತ್ತಿರ ಏನೂ ಮಾಡಲಾರದು. ಲಕ್ವದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದಾಗ ಮಿದುಳಿನಲ್ಲಿ ಹೆಪ್ಪಿದೆಯೋ, ನಾಳ ಒಡೆದು ರಕ್ತ ಸುರಿಯುತ್ತಿದೆಯೋ ಎಂಬುದು ಸಿಟಿ ಸ್ಕ್ಯಾನ್ ಮಾಡದೆ ಯಾರಿಗೂ ಗೊತ್ತಾಗದು. ಒಡೆದಿದ್ದರೆ ಆಸ್ಪಿರಿನ್ ಉರಿಯುವ ಬೆಂಕಿಗೆ ತುಪ್ಪ. ಆದ್ದರಿಂದ ಮನೆಯಲ್ಲಿ ಯಾವ ಮಾತ್ರೆಯನ್ನೂ ಕೊಡದೆ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಕರೆದೊಯ್ಯಿರಿ. ರೋಗಿ ಕೊನೆಯ ಬಾರಿ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಟ್ಟುಕೊಂಡು ಹೇಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಅವಧಿ ಅಲ್ಲಿಂದ ನಾಲ್ಕೂವರೆ ಗಂಟೆ.