ಹನಿ ಬೀಳದ ಸೋರಿಕೆ

ಅಮೆರಿಕದಲ್ಲಿ ಕಿಟ್ ತರಿಸಿಕೊಂಡು ಗ್ಯಾರೇಜಿನಲ್ಲೇ ವಿಮಾನ ಕಟ್ಟುವವರಿದ್ದಾರೆ. ಕೆಲಸದ ಹೆಚ್ಚಿನ ಪಾಲು ಹವ್ಯಾಸಿಗಳ ಕೈಯಿಂದಲೇ ಆಗಿರಬೇಕೆಂಬುದು ಅಲ್ಲಿನ ನಿಯಮ. ಕಟ್ಟಿದವರು ಅರ್ಜಿ ಹಾಕಿದರೆ ಆ ವಿಮಾನದ ವಾರ್ಷಿಕ ತಪಾಸಣೆ ಮಾಡುವ ಅಧಿಕಾರಪತ್ರವೂ ಸಿಗುತ್ತದೆ. ಹಾಗಾಗಿ ಚಕ್ರ ಮಡಚುವ ವ್ಯವಸ್ಥೆ ಕೈಕೊಟ್ಟರೆ ದೋಷ ಹುಡುಕುವ ಹೊಣೆಯೂ ಬಹುಪಾಲು ಅವರದೇ.

ಲ್ಯಾನ್ಸೇರ್ 320 ಮತ್ತು 360 ಎಂಬ ಎರಡು ಸೀಟಿನ ಕಿಟ್ ವಿಮಾನಗಳನ್ನೇ ನೋಡೋಣ. ಇವುಗಳಲ್ಲಿ ವಿದ್ಯುತ್ ಮೋಟರು ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಕೆಂಪು ಹೈಡ್ರಾಲಿಕ್ ಎಣ್ಣೆಯನ್ನು ಸಿಲಿಂಡರುಗಳಿಗೆ ನೂಕಿ ಚಕ್ರಗಳ ಮೂರೂ ಕಾಲುಗಳನ್ನು ಮಡಚುತ್ತದೆ. ಮಡಚಿದ ಕಾಲನ್ನು ಹಿಡಿದಿಡಲು ಕೊಕ್ಕೆಯಿಲ್ಲ. ಎಣ್ಣೆಯ ಒತ್ತಡವೇ ಅದನ್ನು ಮೇಲೆ ನಿಲ್ಲಿಸಬೇಕು. ಒತ್ತಡ ಇಳಿದರೆ ಪ್ರೆಶರ್ ಸ್ವಿಚ್ ಪಂಪನ್ನು ಮತ್ತೆ ಚಾಲೂ ಮಾಡುತ್ತದೆ.

ಹಾರಾಟದಲ್ಲಿ ಪಂಪು ಅಪರೂಪಕ್ಕೊಮ್ಮೆ ಗುರ್‍ ಎಂದು ಸುಮ್ಮನಾದರೆ ಹೆದರಬೇಕಿಲ್ಲ. ಎತ್ತರದ ಚಳಿಗೆ ಎಣ್ಣೆ ಕುಗ್ಗುವುದರಿಂದಲೂ ಒತ್ತಡ ಇಳಿಯುತ್ತದೆ. ಕೆಲವೇ ನಿಮಿಷಕ್ಕೊಮ್ಮೆ ಗುರುಗುಟ್ಟತೊಡಗಿದರೆ ಮಾತ್ರ ಎಲ್ಲೋ ಸೋರಿಕೆಯಿದೆ ಎಂದು ತಿಳಿಯಬೇಕು. ಪೈಪಿನ ಜೋಡಣೆಯಲ್ಲಿ ಕೆಂಪು ಜಿಡ್ಡು ಕಂಡರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿ ಕೈಯಾಡಿಸಿ ನೋಡುವುದು ಮಾತ್ರ ಬೇಡ: ಹೆಚ್ಚಿನ ಒತ್ತಡದ ಎಣ್ಣೆಯ ಸಣ್ಣ ಚಿಮ್ಮು ಚರ್ಮ ತೂರಿ ಒಳಹೋಗಬಲ್ಲದು. ರಟ್ಟಿನ ತುಂಡು ಹಿಡಿದು ನೋಡಬೇಕು.

ಕಷ್ಟ ಕೊಡುವುದು ಒಳಸೋರಿಕೆ. ಪಿಸ್ಟನ್ನಿನ ಸುತ್ತಲಿನ ಓ-ರಿಂಗ್ ಎಂಬ ರಬ್ಬರ್ ಬಳೆ ಸವೆದರೆ ಎಣ್ಣೆ ಒತ್ತಡದ ಬದಿಯಿಂದ ಇನ್ನೊಂದು ಬದಿಗೆ ನುಸುಳುತ್ತದೆ. ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ, ಟ್ಯಾಂಕಿನ ಮಟ್ಟವೂ ಇಳಿಯುವುದಿಲ್ಲ. ಸೈಕಲ್ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಹುಡುಕುವಂಥ ಸುಲಭದ ಉಪಾಯ ಇಲ್ಲಿಲ್ಲ. ಆಗ ಬಹಳ ಜನ ಮೊದಲು ಪಂಪನ್ನೇ ಬಿಚ್ಚುತ್ತಾರೆ. ಅದು ದುಬಾರಿ ಆತುರ. ಪಂಪು ಸದ್ದು ಮಾಡುತ್ತದೆಂದೇ ಅದರ ಮೇಲೆ ಗುಮಾನಿ ಬೀಳುವುದು, ಆದರೆ ದೋಷ ಬೇರೆಡೆಯೂ ಇರಬಹುದು.

ತುರ್ತಿಗಾಗಿ ಎಣ್ಣೆಯ ಎರಡೂ ಬದಿಗಳನ್ನು ಸೇರಿಸುವ ಡಂಪ್ ವಾಲ್ವನ್ನು ಮೊದಲು ನೋಡುವುದು ಒಳ್ಳೆಯದು. ಪೈಪಿನ ತಿರುಪಿಗೆ ಸುತ್ತಿದ ಟೆಫ್ಲಾನ್ ಟೇಪಿನ ಚೂರೊಂದು ಬಂದು ಅದರ ಬಾಯಲ್ಲಿ ಕೂತರೂ ಸಾಕು, ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಅದು ಸರಿಯಿದ್ದರೆ ಸಿಲಿಂಡರುಗಳ ಸರದಿ. ವಿಮಾನವನ್ನು ಜಾಕ್ ಮೇಲೆ ಭದ್ರವಾಗಿ ನಿಲ್ಲಿಸಿ, ವಿದ್ಯುತ್ ಕಡಿದು, ಒತ್ತಡ ಪೂರ್ತಿ ಇಳಿಸಿ, ಒಂದು ಸಿಲಿಂಡರಿನ ಪೈಪುಗಳನ್ನು ಬಿಚ್ಚಿ ಅವುಗಳ ಬಾಯಿಗೆ ಮುಚ್ಚಳ ಹಾಕಬೇಕು. ಆ ಕಾಲು ಈಗ ಸಡಿಲ. ಪಟ್ಟಿ ಕಟ್ಟಿ ಹಿಡಿಸಬೇಕು. ಮತ್ತೆ ಒತ್ತಡ ಏರಿಸಿ ಗೇಜ್ ನೋಡಿದಾಗ ಮುಳ್ಳು ಕದಲದೆ ನಿಂತರೆ ಬಿಚ್ಚಿದ ಸಿಲಿಂಡರೇ ಸೋರುತ್ತಿತ್ತು ಎಂದರ್ಥ. ಇಳಿಯುತ್ತಲೇ ಇದ್ದರೆ ಅದನ್ನು ಜೋಡಿಸಿ ಮುಂದಿನದಕ್ಕೆ ಹೋಗಬೇಕು. ಮೂರೂ ಪಾರಾದ ಮೇಲಷ್ಟೇ ಎಣ್ಣೆ ಹಿಂದೆ ಹರಿಯದಂತೆ ತಡೆಯುವ, ಪಂಪಿನೊಳಗಿನ ಚೆಕ್ ವಾಲ್ವಿನ ಮಾತು.

ಓ-ರಿಂಗ್ ಕೆಟ್ಟದ್ದೇಕೆ ಎಂದೂ ಕೇಳಬೇಕು. ಈ ಕೆಂಪು ಖನಿಜ ಎಣ್ಣೆಗೆ ಹೊಂದುವ ನೈಟ್ರೈಲ್ ರಬ್ಬರಿಗೆ ಕಾರಿನ ಬ್ರೇಕ್ ಆಯಿಲ್ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ. ಹಾಗಾಗಿದ್ದರೆ ಒಂದು ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಇಡೀ ವ್ಯವಸ್ಥೆ ತೊಳೆದು ಎಲ್ಲ ರಿಂಗುಗಳನ್ನೂ ಹೊಸದಾಗಿ ಹಾಕಬೇಕು.

ಮೋಟರು ತಿರುಗದಿದ್ದರೆ ಅಥವಾ ಸೋತು ತಿರುಗಿದರೆ ಅದು ಬೇರೆ ಕಥೆ. ಬ್ಯಾಟರಿಯಲ್ಲಿ ವೋಲ್ಟೇಜ್ ಇದ್ದರೆ ಸಾಲದು, ಓಡುವಾಗ ಮೋಟರಿನ ತುದಿಯಲ್ಲಿ ಅಳೆಯಬೇಕು. ಕೆಟ್ಟ ರಿಲೇ, ಸಡಿಲ ತಂತಿಗಳು ಅಲ್ಲಿ ಸಿಕ್ಕಿಬೀಳುತ್ತವೆ.

ಕಾಲು ಇಳಿದು ಬಿಗಿದಿದೆ ಎಂದು ತೋರಿಸುವ ದೀಪ ಹತ್ತದಿರುವುದು ಬಹಳ ಸಲ ಮೈಕ್ರೋಸ್ವಿಚ್ಚಿನದೋ ಬಲ್ಬಿನದೋ ದೋಷ. ಇದನ್ನು ಹಗುರವಾಗಿ ಹೇಳುತ್ತಿಲ್ಲ. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿ ಬಳಿ ಈಸ್ಟರ್ನ್ ಏರ್‌ಲೈನ್ಸಿನ 401 ಸಂಖ್ಯೆಯ ವಿಮಾನದ ಮುಂಗಾಲು ಸರಿಯಾಗಿಯೇ ಇಳಿದಿತ್ತು, ಬಲ್ಬ್ ಮಾತ್ರ ಸುಟ್ಟಿತ್ತು. ಸಿಬ್ಬಂದಿಯ ಗಮನವೆಲ್ಲ ಆ ದೀಪದ ಮೇಲಿದ್ದಾಗ ವಿಮಾನ ಮೆಲ್ಲನೆ ಇಳಿಯುತ್ತಾ ಜೌಗಿಗೆ ಅಪ್ಪಳಿಸಿತು. ನೂರಕ್ಕೂ ಹೆಚ್ಚು ಜನ ಸತ್ತರು.

ದುರಸ್ತಿಯಾದ ಮೇಲೆ ಜಾಕ್ ಮೇಲೆಯೇ ಕಾಲುಗಳನ್ನು ಹಲವು ಸಲ ಮಡಚಿ ಬಿಚ್ಚಬೇಕು. ಆಮೇಲೆ ಪಂಪಿನ ವಿದ್ಯುತ್ ಕಡಿದು, ಡಂಪ್ ವಾಲ್ವ್ ತೆರೆದು, ಮೂರೂ ಕಾಲುಗಳು ತಾವಾಗಿಯೇ ಇಳಿದು ಬಿಗಿಯುತ್ತವೆಯೇ ನೋಡಬೇಕು. ಆದರೆ ಹ್ಯಾಂಗರಿನಲ್ಲಿ ಎದುರುಗಾಳಿಯ ಒತ್ತು ಇರುವುದಿಲ್ಲ. ಲ್ಯಾನ್ಸೇರಿನಲ್ಲಿ ಮುಂಗಾಲನ್ನು ಕೆಳಗೆ ನೂಕಲು ನೆರವಾಗುವ ಗ್ಯಾಸ್ ಸ್ಟ್ರಟ್ ಕಾಲ ಕಳೆದಂತೆ ಬಲ ಕಳೆದುಕೊಳ್ಳುತ್ತದೆ. ನೆಲದ ಪರೀಕ್ಷೆಯಲ್ಲಿ ಪಾಸಾದ ಸ್ಟ್ರಟ್ ಆಕಾಶದಲ್ಲಿ ಸೋಲಬಹುದು. ಹಾಗಾಗಿ ಅದರ ಒತ್ತುವ ಬಲವನ್ನು ಬೇರೆಯಾಗಿಯೇ ಅಳೆದು ಲಾಗ್‌ಬುಕ್ಕಿನಲ್ಲಿ ಬರೆದಿಡಬೇಕು.