ಶಿರಾಜ್‌ನ ಕುದುರೆ ವ್ಯಾಪಾರಿಯ ಮೊಮ್ಮಗ

ಹಾಸನ, ಅರಕಲಗೂಡು ಕಡೆಯಿಂದ ಜೈಪುರ ನೋಡಲು ಹೋದವರು ಅಲ್ಲಿನ ಎಂ.ಐ. ರೋಡಿನಲ್ಲಿ ಓಡಾಡಿರುತ್ತಾರೆ. ಆ ಎರಡಕ್ಷರ ನಮ್ಮ ಮಿರ್ಜಾ ಇಸ್ಮಾಯಿಲ್ ಅವರದು ಎಂಬುದು ಎಷ್ಟು ಜನರಿಗೆ ಗೊತ್ತೋ! 1926ರಿಂದ 1941ರವರೆಗೆ ಅವರು ಮೈಸೂರಿನ ದಿವಾನರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳೂ ಆಗ ಅವರ ಆಡಳಿತದಲ್ಲೇ ಇದ್ದವು.

ಮನೆತನದ ಬೇರು ಪರ್ಷಿಯಾದ್ದು. ತಾತ ಅಲಿ ಅಸ್ಕರ್ ಹತ್ತೊಂಬತ್ತನೆಯ ಶತಮಾನದಲ್ಲಿ ಶಿರಾಜ್‌ನಿಂದ ಬೆಂಗಳೂರಿಗೆ ಬಂದು, ದಂಡಿನ ಬ್ರಿಟಿಷರಿಗೂ ಮೈಸೂರು ಅರಮನೆಗೂ ಕುದುರೆ ಮಾರುತ್ತಾ ಇಲ್ಲಿಯೇ ನೆಲೆಯೂರಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದೇ. 1883ರಲ್ಲಿ ಹುಟ್ಟಿದ ಮೊಮ್ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾದ. ಆ ಗೆಳೆತನ ಕೊನೆಯವರೆಗೂ ಉಳಿಯಿತು.

ಮಿರ್ಜಾ ಎಂದರೆ ಬೃಂದಾವನ, ಉದ್ಯಾನ, ಅಂದದ ರಸ್ತೆ ಎನ್ನುವುದು ರೂಢಿ. ಅವರೊಳಗಿನ ರಾಯಭಾರಿಯನ್ನು ನಾವು ಮರೆತಿದ್ದೇವೆ. 1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿನಲ್ಲಿ ಅವರು ಮೈಸೂರಿನ ಪರವಾಗಿ ಕೂತಿದ್ದರು. 1937ರಲ್ಲಿ ಗ್ರಾಮ ನೈರ್ಮಲ್ಯ ಕುರಿತು ಜಾವಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಭಾರತದ ನಿಯೋಗವನ್ನು ಕರೆದೊಯ್ದರು.

ನಿಜವಾದ ಅಗ್ನಿಪರೀಕ್ಷೆ ಎದುರಾದದ್ದು ಹೈದರಾಬಾದಿನಲ್ಲಿ. ಜೈಪುರದ ಪ್ರಧಾನಿಯಾಗಿದ್ದವರನ್ನು 1946ರಲ್ಲಿ ನಿಜಾಮರು ತಮ್ಮ ಪ್ರಧಾನಿಯಾಗಿ ಕರೆಸಿಕೊಂಡರು. ಬ್ರಿಟಿಷರು ಹೊರಡುವ ಹೊತ್ತು. ಸಂಸ್ಥಾನ ಸ್ವತಂತ್ರವಾಗಿಯೇ ಇರಬೇಕೆಂದು ಅಲ್ಲಿನ ಮುಸ್ಲಿಮರ ಇತ್ತೆಹಾದ್ ಪಕ್ಷ ಹಟ ಹಿಡಿದಿತ್ತು. ಸುತ್ತಲೂ ಭಾರತವಿರುವಾಗ ಅದರೊಂದಿಗೆ ಒಪ್ಪಂದ ಮಾಡಿಕೊಳ್ಳುವುದೇ ಲೇಸು ಎಂಬುದು ಮಿರ್ಜಾ ಅವರ ನಿಲುವು. ಮುಸ್ಲಿಮರಾಗಿದ್ದೂ ಮುಸ್ಲಿಂ ರಾಜಕಾರಣದ ವಿರೋಧವನ್ನೇ ಎದುರಿಸಬೇಕಾಯಿತು. ವರ್ಷ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ, ರಾಜೀನಾಮೆ ಕೊಟ್ಟು ಹೊರಬಂದರು. ಮರುವರ್ಷ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದಿಗೆ ನುಗ್ಗಿತು. ಅವರ ಮಾತು ನಡೆದಿದ್ದರೆ ಎಷ್ಟೋ ರಕ್ತ ಉಳಿಯುತ್ತಿತ್ತು ಎಂದೇ ಈ ಬರಹದ ನಂಬಿಕೆ.

ಅರವತ್ತು ದಾಟಿದ ಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. ಆಗಷ್ಟೇ ಡಚ್ಚರಿಂದ ಬಿಡುಗಡೆ ಪಡೆದಿದ್ದ ಇಂಡೊನೇಷ್ಯಾಕ್ಕೆ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಹೋದರು. ತಾತ ವ್ಯಾಪಾರಕ್ಕಾಗಿ ಕಡಲು ದಾಟಿ ಬಂದಿದ್ದರು; ಮೊಮ್ಮಗ ಹೊಸ ರಾಷ್ಟ್ರವೊಂದಕ್ಕೆ ನೆರವಾಗಲು ಮತ್ತೆ ಕಡಲು ದಾಟಿದರು.

1954ರಲ್ಲಿ ಅವರ ಆತ್ಮಕಥೆ ‘ಮೈ ಪಬ್ಲಿಕ್ ಲೈಫ್’ ಪ್ರಕಟವಾಯಿತು. 1959ರ ಜನವರಿ 5ರಂದು ಅವರು ತೀರಿಕೊಂಡರು. ಊರಿನ ಗ್ರಂಥಾಲಯದಲ್ಲಿ ಆ ಪುಸ್ತಕ ಸಿಕ್ಕರೆ ಒಮ್ಮೆ ಕೈಗೆತ್ತಿಕೊಳ್ಳಿ.